ಗಣಪತಿ ಗುಡಿಯಿಂದ ಸಮುದ್ರದವರೆಗೆ

ನಮ್ಮ ಕಡೆ ದಾರಿ ಕೇಳಿದವರಿಗೆ ಸಿಗುವ ಉತ್ತರ ಒಂದೇ: ‘ಇಲ್ಲೇ.’ ತುಮಕೂರಿನಾಚೆ ಕೋರದ ಹತ್ತಿರ ಹೆದ್ದಾರಿಯಲ್ಲಿ ಇಳಿದು ಯಾವುದಾದರೂ ಹಳ್ಳಿಯ ಹೆಸರು ಹೇಳಿ ನೋಡಿ. ಮರದ ಕೆಳಗೆ ಕೂತವರು ಕೂತಲ್ಲಿಂದಲೇ ಗದ್ದ ಎತ್ತಿ, ‘ಇಲ್ಲೇ ಕಣ್ ಬುಡಿ, ಹಿಂಗೋಗಿ’ ಅನ್ನುತ್ತಾರೆ. ಆ ‘ಇಲ್ಲೇ’ ಮುಂದಿನ ತಿರುವಿನಲ್ಲೂ ಇರಬಹುದು, ಮಧ್ಯಾಹ್ನದ ಊಟ ತಪ್ಪಿಹೋಗುವಷ್ಟು ದೂರದಲ್ಲೂ ಇರಬಹುದು. ಹೇಳಿದವರು ಸುಳ್ಳು ಹೇಳಿರುವುದಿಲ್ಲ. ಅವರ ಕಾಲಿಗೆ ಅದು ನಿಜವಾಗಿಯೂ ಇಲ್ಲೇ.

ನನ್ನಂಥವನಿಗೆ ಮಾತ್ರ ಈ ಪದ ಕೇಳಿದರೆ ಭಯ. ತುಮಕೂರಿನಲ್ಲಿ ನಮ್ಮ ಮನೆಯಿಂದ ನಾನು ಪಾಠ ಹೇಳುತ್ತಿದ್ದ ಕಾಲೇಜಿಗೆ ಆರಾಮಾಗಿ ನಡೆದು ಹೋಗಬಹುದಿತ್ತು. ನಾನು ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಸ್ಕೂಟರ್ ಕೆಟ್ಟ ದಿನ ಆಟೋ. ಆಟೋ ಸಿಗದ ದಿನ ರಜೆಯನ್ನೇ ಹಾಕುತ್ತಿದ್ದೆ ಎಂದು ನನ್ನ ಹೆಂಡತಿ ನೆಂಟರ ಮುಂದೆಲ್ಲ ಹೇಳುತ್ತಾಳೆ. ಅದು ಅತಿಶಯೋಕ್ತಿ. ಹಾಗಾದದ್ದು ಒಂದೇ ಸಲ.

ಇಂಥ ನಾನು ಒಂದು ನಡಿಗೆಯ ಬಗ್ಗೆ ಬರೆಯಲು ಕೂತಿರುವುದಕ್ಕೆ ಕಾರಣ ನನ್ನ ಅತ್ತಿಗೆ, ಜಯಮ್ಮ. ನಡೆದದ್ದು ಅವರು. ನಾನು ಪಕ್ಕದಲ್ಲಿದ್ದೆ, ಅಷ್ಟೇ.

ಅತ್ತಿಗೆ ಕುಣಿಗಲ್‌ನಿಂದ ದಿನಾ ಪ್ರೈವೇಟ್ ಬಸ್ಸಿನಲ್ಲಿ ಅಮೃತೂರಿನ ಕಡೆಯ ಒಂದು ಹಳ್ಳಿಗೆ ಹೋಗಿ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಆ ರೂಟಿನ ಡ್ರೈವರು ಕಂಡಕ್ಟರುಗಳಲ್ಲಿ ಅರ್ಧ ಜನ ಅವರ ಹತ್ತಿರವೇ ಮಗ್ಗಿ ಕಲಿತವರು. ಬಸ್ಸಿನಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಅತ್ತಿಗೆ ತಿರುಗಿ ನೋಡುತ್ತಿದ್ದರಂತೆ. ಆ ನೋಟಕ್ಕೆ ಬೀಡಿ ತಾನಾಗಿ ಆರುತ್ತಿತ್ತಂತೆ. ತೊಂಬತ್ತರ ದಶಕದ ಕೊನೆಯ ಒಂದು ದಸರಾ ರಜೆಯಲ್ಲಿ ಇಂಥ ಅತ್ತಿಗೆಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಒಗ್ಗರಣೆ ಹಾಕುತ್ತಿದ್ದವರು ಹಾಗೇ ಕುಸಿದರು. ತುಮಕೂರಿನ ಆಸ್ಪತ್ರೆಯಲ್ಲಿ ಪ್ರಾಣಕ್ಕೆ ಅಪಾಯವಿಲ್ಲ ಎಂದರು, ಆದರೆ ಎಡಗೈ ಎಡಗಾಲು ಮಾತು ಕೇಳುವುದನ್ನು ಬಿಟ್ಟಿದ್ದವು.

ನನ್ನ ಅಣ್ಣ ಶಿವಣ್ಣ ಕುಣಿಗಲ್‌ನಲ್ಲಿ ಕುದುರೆಗಳನ್ನು ಸಾಕುವ ಫಾರಂನಲ್ಲಿ ಕೆಲಸಕ್ಕಿದ್ದ. ಜೀವಮಾನವೆಲ್ಲ ಕಾಲುಗಳನ್ನು ನೋಡಿದವನು ಅವನು. ಯಾರ ಮನೆಗೆ ಹೋದರೂ ಮೊದಲು ಅವರ ಕಾಲನ್ನೇ ನೋಡುತ್ತಾನೆ, ಆಮೇಲೆ ಮುಖ. ಕಾಲು ಕೆಟ್ಟ ಕುದುರೆ ಎರಡನೇ ಸಲ ಬಿದ್ದರೆ ಮತ್ತೆ ಏಳುವುದಿಲ್ಲ ಎನ್ನುವುದನ್ನು ಅವನು ಕಂಡಿದ್ದ. ಹಾಗಾಗಿ ಹೆಂಡತಿ ಎರಡನೇ ಸಲ ಬೀಳಬಾರದು ಎಂಬುದೊಂದೇ ಅವನ ಯೋಚನೆ. ಹಾಸಿಗೆಯನ್ನು ನಡುಮನೆಗೆ ತಂದ. ಹೊಸ್ತಿಲುಗಳಿಗೆ ಹಲಗೆ ಹಾಕಿಸಿದ. ಅತ್ತಿಗೆ ಎದ್ದು ನಿಂತರೆ ಸಾಕು, ಕೋಳಿ ಹಿಡಿಯುವವನಂತೆ ಎರಡೂ ಕೈ ಚಾಚಿಕೊಂಡು ಹಿಂದೆ ಹಿಂದೆ ಓಡಾಡುತ್ತಿದ್ದ. ಪ್ರೀತಿಯೇ ಅದು, ಅನುಮಾನವಿಲ್ಲ. ಆದರೆ ಅತ್ತಿಗೆಗೆ ಉಸಿರು ಕಟ್ಟುತ್ತಿತ್ತು.

ಡಾಕ್ಟರು ‘ನಡೆಸಿ’ ಎಂದಿದ್ದರು. ಅಣ್ಣ ಅದನ್ನು ‘ನಡುಮನೆಯಲ್ಲಿ ನಡೆಸಿ’ ಎಂದು ಕೇಳಿಸಿಕೊಂಡಿದ್ದ. ಅವನು ಫಾರಂಗೆ ಹೋದ ಮೇಲೆ ಅತ್ತಿಗೆ ಊರುಗೋಲು ಹಿಡಿದು ಮೊದಲು ಹಿತ್ತಲಿಗೆ, ಆಮೇಲೆ ಬೀದಿಯ ಕೊನೆಗೆ, ಆಮೇಲೆ ಪಕ್ಕದ ಮನೆಯವರ ಜೊತೆ ದೊಡ್ಡಕೆರೆಯ ಏರಿಯ ಮೇಲೆ ನಡೆಯತೊಡಗಿದರು. ಎಡಗಾಲನ್ನು ಎತ್ತಿಡಲು ಆಗುತ್ತಿರಲಿಲ್ಲ. ಅದನ್ನು ಹೊರಗಿನಿಂದ ಅರ್ಧ ಸುತ್ತು ತಂದು ಇಡಬೇಕು. ಕುಡುಗೋಲು ಬೀಸಿದ ಹಾಗೆ ಕಾಣುತ್ತಿತ್ತು. ಬೇಸಿಗೆಯ ಹೊತ್ತಿಗೆ ಅಣ್ಣನಿಗೂ ವಿಷಯ ತಿಳಿಯಿತು. ಜಗಳವಾಯಿತು. ಆ ಭಾನುವಾರ ನಾನು ಅಲ್ಲೇ ಇದ್ದೆ.

“ಸಾಕು ಕಣೇ ಜಯ, ಇಷ್ಟು ವರ್ಷ ಮಾಡಿದ್ದೀಯ. ಸ್ವಯಂ ನಿವೃತ್ತಿ ತಗೊಂಡ್ಬಿಡು. ಬಸ್ ಹತ್ತಿ ಇಳ್ದು, ಅಷ್ಟು ದೂರ ನಡ್ದು... ಎಲ್ಲಾದ್ರೂ ಬಿದ್ರೆ?” ಅಂದ ಅಣ್ಣ.

“ಬಿದ್ರೆ ಏಳ್ತೀನಿ,” ಅಂದರು ಅತ್ತಿಗೆ.

ಆ ಜಗಳದ ನಡುವೆ ಪ್ರವಾಸದ ಮಾತು ಬಂತು. ನಮ್ಮ ಮನೆಯವರು, ಅಕ್ಕಪಕ್ಕದವರು ಸೇರಿ ಪ್ರತಿ ಬೇಸಿಗೆಯಲ್ಲಿ ಗುಬ್ಬಿಯ ಒಂದು ಬಸ್ಸು ಗೊತ್ತು ಮಾಡಿಕೊಂಡು ಯಾತ್ರೆ ಹೋಗುತ್ತಿದ್ದೆವು. ಆ ವರ್ಷ ಕಂಚಿ, ಪಾಂಡಿಚೇರಿ, ಚಿದಂಬರ. ಡ್ರೈವರ್ ಇಕ್ಬಾಲ್ ಗುಬ್ಬಿಯವನು. ಟೂರ್ ಬಸ್ಸಿಗೆ ಬರುವ ಮುಂಚೆ ಅಮೃತೂರು ರೂಟಿನಲ್ಲಿ ಗಾಡಿ ಓಡಿಸಿದವನು, ಅತ್ತಿಗೆಯ ಶಾಲೆಯ ಸ್ಟಾಪಿನಲ್ಲಿ ಎಷ್ಟೋ ವರ್ಷ ಬ್ರೇಕ್ ಒತ್ತಿದವನು. ಬಸ್ಸಿನ ಮಾತಾಡಲು ಅವನೂ ಅವತ್ತು ಮನೆಗೆ ಬಂದಿದ್ದ. ಪಾಂಡಿಚೇರಿಯಲ್ಲಿ ಗಣಪತಿ ದೇವಸ್ಥಾನದಿಂದ ಸಮುದ್ರಕ್ಕೆ ಎಷ್ಟು ದೂರ ಎಂದು ಯಾರೋ ಕೇಳಿದರು.

“ಇಲ್ಲೇ,” ಎಂದ ಇಕ್ಬಾಲ್. ಆಮೇಲೆ ಅತ್ತಿಗೆಯ ಕಡೆ ತಿರುಗಿ ಸೇರಿಸಿದ, “ಬಸ್ ಇಳ್ದು ನಿಮ್ ಸ್ಕೂಲಿಗೆ ನಡೀತಿದ್ರಲ್ಲ ಮೇಡಂ, ಅಷ್ಟೇ ಇರ್ತದೆ. ಪಾರ್ಕ್ ದಾಟಿದ್ರೆ ಲೈಟ್‌ಹೌಸು, ಅದರ ಮುಂದ್ಗಡೆ ಸಮುದ್ರ.”

ಅತ್ತಿಗೆ ಅಣ್ಣನನ್ನು ನೋಡಿ, “ರೀ, ಕೇಳಿಸ್ಕೊಂಡ್ರಾ? ಅಲ್ಲಿ ಗಣಪತಿ ಗುಡಿಯಿಂದ ಸಮುದ್ರದವರೆಗೂ ನಾನು ನಡೀತೀನಿ. ಕೋಲಿರ್ತದೆ, ಯಾರೂ ಕೈ ಹಿಡೀಬಾರ್ದು. ಸಮುದ್ರದ ನೀರು ಮುಟ್ಟಿದ್ರೆ ಸ್ಕೂಲು ತೆರೆದಾಗ ಕೆಲಸಕ್ಕೆ ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ನೀವು ಹೇಳಿದ ಕಡೆ ಸೈನ್ ಹಾಕ್ತೀನಿ,” ಎಂದರು.

ಅಣ್ಣ ನನ್ನ ಮುಖ ನೋಡಿದ. ನಾನು ಇಕ್ಬಾಲನ ಮುಖ ನೋಡಿದೆ. ಇಕ್ಬಾಲ್ ಕಾಫಿ ಲೋಟದೊಳಗೆ ನೋಡಿದ.

“ಆಯ್ತು,” ಅಂದ ಅಣ್ಣ. ಆಗುವುದಿಲ್ಲ ಎಂಬ ಧೈರ್ಯದಿಂದಲೇ ಅಂದದ್ದು ಅದು.

ಪಾಂಡಿಚೇರಿಗೆ ನಾವು ಮುಟ್ಟಿದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಆ ಊರನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಊರಿನ ನಡುವೆ ಒಂದು ಕಾಲುವೆ. ಕಾಲುವೆಯ ಈಚೆ ನಮ್ಮ ತುಮಕೂರಿನ ಪೇಟೆಯ ಹಾಗೆಯೇ ಹೂವು, ಪಾತ್ರೆ, ಸೈಕಲ್, ಗದ್ದಲ. ದಾಟಿದರೆ ಫ್ರೆಂಚರ ಹಳೇ ಊರು. ಸ್ಕೇಲಿಟ್ಟು ಗೆರೆ ಎಳೆದಂಥ ನೇರ ಬೀದಿಗಳು, ಅರಿಸಿನ ಬಳಿದಂಥ ಗೋಡೆಗಳು, ಕಾಗದದ ಹೂವಿನ ಬಳ್ಳಿ, ಎತ್ತರದ ಕಿಟಕಿಗಳು. ಕೆಂಪು ಡಬ್ಬಿಯಂಥ ಟೋಪಿ ಹಾಕಿದ ಪೊಲೀಸರು. ದೊರೆಗಳು ಹೋಗಿ ಎಷ್ಟೋ ಕಾಲವಾದರೂ ಟೋಪಿಗೆ ಯಾರೂ ವಿಷಯ ತಿಳಿಸಿಲ್ಲ.

ಮೂಲೆಮೂಲೆಗೂ ಬೀದಿಯ ಹೆಸರಿನ ನೀಲಿ ಫಲಕ. ನಾನು ಮೇಷ್ಟ್ರಾದ್ದರಿಂದ ಎಲ್ಲವನ್ನೂ ಜೋರಾಗಿ ಓದಿದೆ. ಎಲ್ಲವೂ ತಪ್ಪು. ಅಲ್ಲಿನ ಹೂವಿನವಳೊಬ್ಬಳು ನಕ್ಕು ತಿದ್ದಿದಳು. ಹತ್ತು ಅಕ್ಷರ ಬರೆದು ನಾಲ್ಕನ್ನು ಉಚ್ಚರಿಸಿ ಉಳಿದದ್ದನ್ನು ನುಂಗಿಬಿಡುವುದು ಫ್ರೆಂಚರ ಪದ್ಧತಿಯಂತೆ. ಮೊದಲು ವಿಚಿತ್ರ ಅನಿಸಿತು. ಆಮೇಲೆ ಯೋಚಿಸಿದರೆ ನಾವೇನು ಕಡಿಮೆ? ‘ಬಂದಿದ್ದಾನೆ’ ಎಂದು ಬರೆದು ‘ಬಂದವ್ನೆ’ ಅನ್ನುತ್ತೇವೆ, ‘ಬರುತ್ತೇನೆ’ ಎಂದು ಬರೆದು ‘ಬತ್ತೀನಿ’ ಅನ್ನುತ್ತೇವೆ. ಅಕ್ಷರ ನುಂಗುವ ವಿದ್ಯೆಯಲ್ಲಿ ಗುಬ್ಬಿ, ಕುಣಿಗಲ್‌ನವರು ಫ್ರಾನ್ಸಿಗೆ ಹೋಗಿ ಪಾಠ ಹೇಳಬಹುದು.

ದೇವಸ್ಥಾನದ ಬಾಗಿಲಲ್ಲಿ ಆನೆಯೊಂದು ನಿಂತು ಭಕ್ತರ ತಲೆಯ ಮೇಲೆ ಸೊಂಡಿಲಿಟ್ಟು ಹರಸುತ್ತಿತ್ತು. ಅತ್ತಿಗೆ ಅದರ ಮುಂದೆ ಹೋಗಿ ನಿಂತರು. ಆ ತೂಕಕ್ಕೆ ಇವಳು ಬೀಳುತ್ತಾಳೆ ಎಂದು ಅಣ್ಣ ಬೆವರಿದ. ಸೊಂಡಿಲು ಇಳಿಯಿತು, ಎದ್ದಿತು. ಅತ್ತಿಗೆ ನಿಂತೇ ಇದ್ದರು.

“ನಡೀರಿ,” ಎಂದರು.

ಉಳಿದವರೆಲ್ಲ ನನ್ನ ಹೆಂಡತಿಯ ಜೊತೆ ಮುಂದೆ ಹೋಗಿಬಿಟ್ಟರು. ಊಟದ ಹೊತ್ತಿಗೆ ಚಿದಂಬರ ಸೇರುವ ಯೋಚನೆ, ಬೇಗ ವಾಪಸ್ ಬರಬೇಕು ಎಂಬ ಅವಸರ ಎಲ್ಲರಿಗೂ. ಹಿಂದೆ ಉಳಿದವರು ನಾವು ಮೂವರು. ಅತ್ತಿಗೆ ನಡುವೆ, ಅವರ ಹಿಂದೆ ಕೈ ಚಾಚಿಕೊಂಡು ಅಣ್ಣ, ಪಕ್ಕದಲ್ಲಿ ನಾನು.

ಕೋಲು, ಬಲಗಾಲು, ಅರ್ಧ ಸುತ್ತು ಬಂದು ಎಡಗಾಲು. ಮತ್ತೆ ಕೋಲು. ಅಷ್ಟು ನಿಧಾನವಾಗಿ ನಾನು ಯಾವ ಬೀದಿಯಲ್ಲೂ ನಡೆದಿರಲಿಲ್ಲ. ಅಷ್ಟು ನಿಧಾನವಾಗಿ ನಡೆದರೆ ಬೀದಿ ಕಾಣುತ್ತದೆ. ಗೋಡೆಯ ಬಣ್ಣ ಎಲ್ಲಿ ಚಕ್ಕೆ ಎದ್ದಿದೆ, ಯಾವ ಕಿಟಕಿಯ ಹಿಂದೆ ಕುಕ್ಕರ್ ಕೂಗುತ್ತಿದೆ, ಯಾವ ಜಗುಲಿಯ ನಾಯಿ ಕಚ್ಚುವುದಿಲ್ಲ, ಎಲ್ಲವೂ ತಿಳಿಯುತ್ತದೆ. ಸ್ಕೂಟರಿನ ಮೇಲೆ ಕೂತು ತುಮಕೂರನ್ನು ನಾನು ಇಷ್ಟು ಸರಿಯಾಗಿ ಯಾವತ್ತಾದರೂ ನೋಡಿದ್ದೆನೇ ಎಂದು ಅನುಮಾನ ಬಂತು.

ಬೀದಿ ಮುಗಿದು ಪಾರ್ಕ್ ಬಂತು. ಅದರ ನಡುವೆ ಬಿಳಿಯ ಮಂಟಪ. ಅತ್ತಿಗೆಯ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅವರನ್ನು ಕೂರಿಸಲು ಇದೇ ಸಮಯ ಎಂದು ನಾನು ಓದಿಕೊಂಡು ಬಂದಿದ್ದ ಕಥೆ ತೆಗೆದೆ. ಹಿಂದೆ ಯಾವನೋ ರಾಜ ಈ ಕಡೆ ಬರುತ್ತಿದ್ದಾಗ ದೀಪ ಬೆಳಗುತ್ತಿದ್ದ ಒಂದು ಭವನ ನೋಡಿ ದೇವಸ್ಥಾನವೆಂದುಕೊಂಡು ಕೈ ಮುಗಿದನಂತೆ. ಅದು ಆಯಿ ಎಂಬ ವೇಶ್ಯೆಯ ಮನೆ ಎಂದು ಗೊತ್ತಾದಾಗ ಅವಮಾನವಾಗಿ, ಕೆಡವಿ ಹಾಕಿ ಎಂದನಂತೆ. ಅವಳು, ನನ್ನ ಮನೆಯನ್ನು ನಾನೇ ಕೆಡವುತ್ತೇನೆ ಎಂದು ಬೇಡಿ, ಕೆಡವಿ, ಆ ಜಾಗದಲ್ಲಿ ಊರಿಗೆ ಕೆರೆ ಕಟ್ಟಿಸಿದಳಂತೆ. ಎಷ್ಟೋ ಕಾಲದ ಮೇಲೆ ಫ್ರೆಂಚರ ಊರಿಗೆ ಕುಡಿಯುವ ನೀರು ಅಲ್ಲಿಂದಲೇ ಬಂತು, ಅವರ ದೊರೆ ಅವಳ ನೆನಪಿಗೆ ಈ ಮಂಟಪ ಕಟ್ಟಿಸಿದ ಎಂದು ಹೇಳುತ್ತಾರೆ.

ಕಥೆಯನ್ನು ನಾನು ಆದಷ್ಟು ಉದ್ದ ಮಾಡಿದೆ. ಅತ್ತಿಗೆ ಕೂರಲಿಲ್ಲ. ಕೋಲಿಗೆ ಭಾರ ಕೊಟ್ಟು ನಿಂತೇ ಕೇಳಿದರು.

“ಕೂತ್ಕೊಳಿ ಅತ್ತಿಗೆ,” ಅಂದೆ.

“ಕೂತ್ರೆ ಈ ಕಾಲು ಮಲ್ಕೊಂಡ್ಬಿಡ್ತದೆ ಕಣೋ. ಕತೆ ಚೆನ್ನಾಗಿದೆ. ಆ ರಾಜ ಆಮೇಲೆ ಏನಾದ?”

“ಗೊತ್ತಿಲ್ಲ. ಹೋದ.”

“ಕೆರೆ ಉಳೀತು,” ಎಂದು ಮಂಟಪದ ಕಡೆ ಇನ್ನೊಂದು ಸಲ ನೋಡಿ, “ಗಟ್ಟಿಗಿತ್ತಿ,” ಎಂದರು. ಕುಣಿಗಲ್‌ನವರು ಕೆರೆ ಕಟ್ಟಿಸಿದವರನ್ನು ಸುಮ್ಮನೆ ಹೊಗಳುವುದಿಲ್ಲ.

ಪಾರ್ಕ್ ದಾಟಿ ಸಮುದ್ರದ ಕಡೆಗೆ ತಿರುಗಿದೆವು. ಗಾಳಿಯಲ್ಲಿ ಉಪ್ಪಿನ ವಾಸನೆ ಬರತೊಡಗಿತ್ತು. ಬೀದಿಯ ಕೊನೆಯಲ್ಲಿ ಮನೆಗಳ ನಡುವೆ ಒಂದು ಪಟ್ಟಿ ನೀಲಿ ಕಾಣುತ್ತಿತ್ತು. ಅದು ಆಕಾಶವೋ ನೀರೋ ಹೇಳಲು ಆಗುವಂತಿರಲಿಲ್ಲ. ಅತ್ತಿಗೆ ಅದನ್ನೇ ನೋಡುತ್ತಾ ನಡೆದರು. ಕಾಲಿನ ಕಡೆ ಗಮನ ತಪ್ಪಿದ್ದು ಆಗಲೇ. ಸ್ಪರ್ಶ ತಿಳಿಯದ ಎಡಗಾಲಿನಿಂದ ಹವಾಯಿ ಚಪ್ಪಲಿ ಅರ್ಧ ಕಳಚಿ ಮಡಚಿಕೊಂಡದ್ದು ಅವರಿಗೆ ಗೊತ್ತಾಗಲಿಲ್ಲ. ಮುಂದಿನ ಹೆಜ್ಜೆಗೆ ಕೋಲು ಜಾರಿತು, ಮಂಡಿ ಮಡಚಿತು, ಅತ್ತಿಗೆ ಗೋಡೆಯ ಪಕ್ಕಕ್ಕೆ ಬಿದ್ದರು.

ಅಣ್ಣ ಮುನ್ನುಗ್ಗಿದ.

“ಮುಟ್ಬೇಡಿ!”

ಅಷ್ಟು ಜೋರಾಗಿ ಅತ್ತಿಗೆ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಲಕ್ವದ ಮೇಲೆ ಸ್ವಲ್ಪ ತೊದಲುತ್ತಿದ್ದ ನಾಲಿಗೆ ಆ ಒಂದು ಮಾತನ್ನು ಸ್ಪಷ್ಟವಾಗಿ ಆಡಿತು. ಮಂಡಿ ತರಚಿ ಸೀರೆಯ ಮೇಲೆ ರಕ್ತದ ಚುಕ್ಕೆ ಮೂಡುತ್ತಿತ್ತು. ಕೆಂಪು ಟೋಪಿಯ ಪೊಲೀಸ್ ಒಬ್ಬ ಓಡಿಬಂದು ತಮಿಳಿನಲ್ಲಿ ಏನೋ ಹೇಳುತ್ತಾ ಅವರ ತೋಳಿಗೆ ಕೈ ಹಾಕಲು ಬಗ್ಗಿದ. ಅತ್ತಿಗೆ ಅವನನ್ನೂ ಬೀಡಿ ಹಚ್ಚಿದವನನ್ನು ನೋಡುವಂತೆ ನೋಡಿದರು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

“ಜಯ, ಬೇಡ ಕಣೇ. ಸಾಕು. ನಾನೇ ಸೋತೆ ಅಂತ ಇಟ್ಕೋ, ಎದ್ದೇಳು,” ಎಂದ ಅಣ್ಣ. ಅವನ ಕಣ್ಣಲ್ಲಿ ನೀರಿತ್ತು.

“ನೀವು ಸೋಲೋದು ಬೇಡ. ಈಗ ನೀವು ಎಬ್ಬಿಸಿದ್ರೆ ನಾನು ಇನ್ಯಾವತ್ತೂ ಏಳಲ್ಲ,” ಎಂದರು ಅತ್ತಿಗೆ, ಉಸಿರು ಎಳೆದುಕೊಳ್ಳುತ್ತಾ. “ಸ್ವಲ್ಪ ದೂರ ನಿಂತ್ಕೊಳಿ.”

ಅಣ್ಣ ದೂರ ನಿಲ್ಲಲಿಲ್ಲ. ಆದರೆ ಮುಟ್ಟಲೂ ಇಲ್ಲ. ಒಂದು ನಿಮಿಷ ಹಾಗೇ ಇದ್ದವನು ನಿಧಾನವಾಗಿ ಅವರೆದುರು ಕುಕ್ಕುರುಗಾಲಿನಲ್ಲಿ ಕೂತ. ಎರಡೂ ಕೈಗಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ, ಅವು ತಾವಾಗಿ ಮುಂದೆ ಬರದ ಹಾಗೆ. ಆಮೇಲೆ ಬೇರೆಯೇ ಒಂದು ದನಿಯಲ್ಲಿ ಮಾತಾಡಿದ. ಮೆತ್ತಗಿನ, ಅವಸರವಿಲ್ಲದ ದನಿ.

“ಆಯ್ತು. ಅವಸರ ಇಲ್ಲ. ಮೊದ್ಲು ಬಲ ಮಂಡಿ ಕೆಳಗೆ ತಗೋ. ಹಾಂ. ಈಗ ಕಿಟಕಿ ಸರಳು ಹಿಡ್ಕೋ. ಭಾರ ಬಲಗಡೆಗೆ ಬಿಡು. ಉಸಿರು ತಗೋ. ಇನ್ನೊಂದ್ಸಲ.”

ಅದು ಅವನ ಫಾರಂನ ದನಿ ಎಂದು ನನಗೆ ಹೊಳೆದದ್ದು ಆಮೇಲೆ. ಆಗಷ್ಟೇ ಹುಟ್ಟಿದ ಕುದುರೆ ಮರಿ ಮೊದಲ ಸಲ ಎದ್ದು ನಿಲ್ಲುವಾಗ ಅದರ ಮುಂದೆ ಹೀಗೆಯೇ ಕೂತು ಮಾತಾಡುತ್ತಾನಂತೆ. ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಜಾರಿ ಮರಿ ಮತ್ತೆ ಮತ್ತೆ ಬೀಳುತ್ತದೆ. ಸುಮ್ಮಸುಮ್ಮನೆ ಎತ್ತಿ ನಿಲ್ಲಿಸಬಾರದು, ಅದು ತಾನೇ ಎದ್ದರೆ ಕಾಲಿಗೆ ಬಲ. ಇಷ್ಟು ತಿಂಗಳು ಹೆಂಡತಿಯ ವಿಷಯದಲ್ಲಿ ಅವನಿಗೆ ನೆನಪಿದ್ದದ್ದು ಕಾಲು ಮುರಿದ ಕುದುರೆ ಮಾತ್ರ. ಈ ಮರಿ ಅವನಿಗೆ ಜ್ಞಾಪಕ ಬಂದದ್ದು ಆ ಹಳದಿ ಗೋಡೆಯ ಬೀದಿಯಲ್ಲಿ.

ಮೊದಲ ಸಲ ಅರ್ಧ ಎದ್ದು ಮತ್ತೆ ಕೂತರು. ಎರಡನೇ ಸಲವೂ ಹಾಗೇ ಆಯಿತು. ಮತ್ತೊಂದು ಸಲ ಕಿಟಕಿಯ ಸರಳು ಹಿಡಿದು, ಹಲ್ಲು ಕಚ್ಚಿ, ಬಲಗಾಲಿನ ಮೇಲೆ ಇಡೀ ಮೈಯನ್ನು ಎತ್ತಿಕೊಂಡು ಅತ್ತಿಗೆ ನಿಂತರು. ನಾನು ಕೋಲು ಕೊಟ್ಟೆ. ಅಣ್ಣ ಚಪ್ಪಲಿಯನ್ನು ಕೈಗೆತ್ತಿಕೊಂಡ.

“ಎರಡೂ ಬಿಟ್ಬಿಡು. ಬರಿಗಾಲಲ್ಲಿ ನಡಿ,” ಎಂದು ಬಲಗಾಲಿನ ಚಪ್ಪಲಿಯನ್ನೂ ಬಿಡಿಸಿದ. ಮುಂದೆ ಹೋಗಿ ದಾರಿಯಲ್ಲಿನ ಕಲ್ಲುಚೂರುಗಳನ್ನು ಕಾಲಿನಿಂದ ಪಕ್ಕಕ್ಕೆ ತಳ್ಳುತ್ತಾ ನಡೆದ. ಆವತ್ತು ಅವನು ಅತ್ತಿಗೆಯ ಹಿಂದೆ ಬರುವುದನ್ನು ಬಿಟ್ಟ.

ಹಳೇ ಲೈಟ್‌ಹೌಸ್ ಬಂತು. ಅದರ ಮುಂದೆ ರಸ್ತೆ, ರಸ್ತೆಯಾಚೆ ಕಟ್ಟೆ, ಕಟ್ಟೆಯಾಚೆ ಸಮುದ್ರ. ಅತ್ತಿಗೆ ಅಷ್ಟು ನೀರನ್ನು ಮೊದಲ ಸಲ ನೋಡುತ್ತಿದ್ದರು. ಕಟ್ಟೆಯವರೆಗೂ ಹೋಗಿ ಅದನ್ನು ಬಲಗೈಯಲ್ಲಿ ಹಿಡಿದುಕೊಂಡು ನಿಂತರು. ಒಂದು ತೊಂದರೆ ಆಗ ಕಂಡಿತು. ನಾವೆಲ್ಲ ಎಣಿಸಿಕೊಂಡಂತೆ ಅಲ್ಲಿ ಮರಳು ಇರಲಿಲ್ಲ. ಕಟ್ಟೆಯ ಕೆಳಗೆ ದೊಡ್ಡ ದೊಡ್ಡ ಕರಿಯ ಬಂಡೆಗಳನ್ನು ರಾಶಿ ಹಾಕಿದ್ದರು. ಅಲೆ ಅವಕ್ಕೆ ಬಡಿದು ಅಲ್ಲೇ ಹಿಂದಕ್ಕೆ ಹೋಗುತ್ತಿತ್ತು.

“ಆಯ್ತಲ್ಲ, ಬಂದ್ಬಿಟ್ಯಲ್ಲ. ನೀನೇ ಗೆದ್ದೆ,” ಎಂದ ಅಣ್ಣ.

“ನೀರು ಮುಟ್ಟಿಲ್ಲ,” ಎಂದರು ಅತ್ತಿಗೆ.

ಅಣ್ಣ ಒಂದು ಗಳಿಗೆ ಅವರನ್ನು ನೋಡಿದ. ಆಮೇಲೆ ಪ್ಯಾಂಟನ್ನು ಮಂಡಿಯವರೆಗೆ ಮಡಚಿ, ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು, ಕಟ್ಟೆ ದಾಟಿ ಬಂಡೆಗಳ ಮೇಲೆ ಇಳಿಯತೊಡಗಿದ. ರಿಟೈರ್ ಆಗಲು ಇನ್ನೇನು ಹತ್ತಿರ ಬಂದಿದ್ದ ಮನುಷ್ಯ, ನಾಲ್ಕು ಕಾಲಿನಲ್ಲಿ ಕಪ್ಪೆಯ ಹಾಗೆ ಇಳಿದ. ಈಗ ಹೆದರಿ ಕೈ ಚಾಚುವ ಸರದಿ ಅತ್ತಿಗೆಯದು. “ರೀ, ಜಾರ್ತದೆ ರೀ, ನಿಧಾನ!” ಎಂದು ಕೂಗಿದರು. ಒಂದು ಅಲೆ ಬಂದು ಅವನನ್ನು ಸೊಂಟದವರೆಗೆ ತೋಯಿಸಿತು. ಅವನು ಟವೆಲ್ ಅದ್ದಿಕೊಂಡು, ಹಿಂಡದೆ, ಸುರಿಯುವ ಹಾಗೆಯೇ ಎದೆಗೆ ಒತ್ತಿಕೊಂಡು ಮೇಲೆ ಬಂದ. ಅತ್ತಿಗೆಯ ಎಡಗಾಲಿನ ಮೇಲೆ ಹಿಂಡಿದ.

“ಗೊತ್ತಾಗ್ತಾ ಇದ್ಯಾ?”

“ಇಲ್ಲ,” ಎಂದರು ಅತ್ತಿಗೆ. ಸ್ವಲ್ಪ ತಡೆದು, “ಆದ್ರೂ ಹಾಕಿ,” ಎಂದರು.

ಉಳಿದ ನೀರನ್ನು ಬಲಗೈಯಲ್ಲಿ ಹಿಡಿದು ನಾಲಿಗೆಗೆ ಮುಟ್ಟಿಸಿಕೊಂಡರು. “ಉಪ್ಪು ಕಣೋ!” ಪುಸ್ತಕದಲ್ಲಿ ಅಷ್ಟು ವರ್ಷ ಪಾಠ ಮಾಡಿದ್ದು ನಿಜವೇ ಎಂದು ಪರೀಕ್ಷೆ ಮಾಡಿದವರಂತೆ ನನ್ನ ಕಡೆ ನೋಡಿ ನಕ್ಕರು.

ವಾಪಸ್ಸು ಸೈಕಲ್ ರಿಕ್ಷಾದಲ್ಲಿ ಬಂದರು. ಮಾತು ಆಗಿದ್ದದ್ದು ಹೋಗುವುದರ ಬಗ್ಗೆ, ಬರುವುದರ ಬಗ್ಗೆ ಅಲ್ಲ ಎಂದರು. ಕಾಲುವೆಯ ಹತ್ತಿರ ಬಸ್ಸಿನ ಸುತ್ತ ನಮ್ಮವರೆಲ್ಲ ಮುಖ ಗಂಟು ಹಾಕಿಕೊಂಡು ನಿಂತಿದ್ದರು. ಇಕ್ಬಾಲ್ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಬಸ್ ಕೆಟ್ಟಿದೆ, ಇಂಜಿನ್ ಮುಟ್ಟಿದರೆ ಸುಡುತ್ತದೆ ಎಂದು ಅಷ್ಟು ಹೊತ್ತೂ ಎಲ್ಲರನ್ನೂ ತಡೆದಿದ್ದನಂತೆ. ರಿಕ್ಷಾದಲ್ಲಿ ಕೂತ ಅತ್ತಿಗೆಯ ಒದ್ದೆ ಕಾಲು ನೋಡಿದ. ಬಾನೆಟ್ ಮುಚ್ಚಿದ. ಬಸ್ಸು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಕೊಟ್ಟ ಮಾತಿಗೆ ಅಣ್ಣ ತಪ್ಪಲಿಲ್ಲ. ಡಾಕ್ಟರೂ ಪರೀಕ್ಷೆ ಮಾಡಿ ಒಪ್ಪಿದರು. ಶಾಲೆ ತೆರೆದ ದಿನ ಮಾತ್ರ, ಒಂದೇ ಒಂದು ದಿನ ಜೊತೆಗೆ ಬರುತ್ತೇನೆ ಎಂದು ಅಣ್ಣ ಹಟ ಹಿಡಿದ. ಧೈರ್ಯಕ್ಕೆ ನನ್ನನ್ನೂ ತುಮಕೂರಿನಿಂದ ಕರೆಸಿಕೊಂಡ. ಅತ್ತಿಗೆ ಬೇಡ ಎನ್ನಲಿಲ್ಲ. ಬಸ್ಸು ತುಂಬಿತ್ತು. ಅವರು ಮುಂದಿನ ಸೀಟಿನಲ್ಲಿ ಕೂತರು, ನಾವಿಬ್ಬರೂ ಹಿಂದೆ ನೇತಾಡಿದೆವು. ಶಾಲೆಯ ಸ್ಟಾಪ್ ಬಂದಾಗ “ಮೇಡಮ್ಮೋರು ಇಳೀತವ್ರೆ, ದಾರಿ ಬುಡ್ರೋ” ಎಂದು ಮುಂದೆ ಯಾರೋ ಕೂಗಿದರು. ಜನ ಸರಿದರು, ಅತ್ತಿಗೆ ಇಳಿದರು. ನಾವು ಹಿಂದಿನ ಬಾಗಿಲಿಗೆ ನುಗ್ಗುವಷ್ಟರಲ್ಲಿ ಕಂಡಕ್ಟರ್ ಅಡ್ಡ ನಿಂತು ವಿಷಲ್ ಹೊಡೆದ.

“ಏಯ್, ನಾವೂ ಇಳೀಬೇಕು!” ಎಂದ ಅಣ್ಣ.

“ಗೊತ್ತು ಸಾರ್. ನಿಮ್ಮಿಬ್ರನ್ನೂ ಮುಂದಿನ ಸ್ಟಾಪಲ್ಲಿ ಇಳಿಸ್ಬೇಕು ಅಂತ ಮೇಡಮ್ಮೋರು ಹತ್ತುವಾಗ್ಲೇ ಹೇಳವ್ರೆ,” ಎಂದ ಅವನು, ತೋಟಗಳ ಕಡೆ ನೋಡುತ್ತಾ.

ಮುಂದಿನ ಸ್ಟಾಪು ‘ಇಲ್ಲೇ’ ಇರಲಿಲ್ಲ. ತೆಂಗಿನ ತೋಟಗಳ ನಡುವೆ ಇಬ್ಬರೂ ಏದುಸಿರು ಬಿಡುತ್ತಾ ವಾಪಸ್ ನಡೆದು ಶಾಲೆ ಸೇರಿದೆವು. ಕಿಟಕಿಯಿಂದ ಇಣುಕಿದೆವು. ಅತ್ತಿಗೆ ಕೋಲನ್ನು ಗೋಡೆಗೆ ಒರಗಿಸಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ತಿರುಗಿ ನಮ್ಮನ್ನು ನೋಡಿದರು.

“ಏನ್ ಬೇಕಾಗಿತ್ತು?”

“ಏನಿಲ್ಲ... ಸುಮ್ನೆ, ನೋಡಣ ಅಂತ...”

“ನೋಡಿದ್ರಲ್ಲ, ಹೊರಡಿ. ಮಕ್ಳು ನಿಮ್ ಕಡೆ ತಿರುಗ್ತಾವೆ.”

ನಾವು ಹೊರಟೆವು. ರಸ್ತೆಗೆ ಬಂದ ಮೇಲೆ ಅಣ್ಣ, “ಬೈದ್ಲು ಕಣೋ,” ಎಂದ. ಅವನ ಮುಖ ನೋಡಿದರೆ ಯಾರೋ ಹಾರ ಹಾಕಿ ಸನ್ಮಾನ ಮಾಡಿದ ಹಾಗಿತ್ತು. ಸ್ಟಾಪಿನ ಪಕ್ಕದ ಅಂಗಡಿಯಲ್ಲಿ ಟೀ ಕುಡಿದೆವು. ಕುಣಿಗಲ್ ಬಸ್ಸು ಬಂತು, ಅವನು ಏಳಲಿಲ್ಲ. ಇನ್ನೊಂದು ಬಂತು, ಆಗಲೂ ಏಳಲಿಲ್ಲ. ನಾನೂ ಅವಸರ ಮಾಡಲಿಲ್ಲ. ಕೈ ಹಿಡಿಯದೆ ಜೊತೆಗಿರುವುದು ಹೊಸ ಅಭ್ಯಾಸ, ಅದಕ್ಕೆ ಅವನಿಗೂ ಸ್ವಲ್ಪ ಹೊತ್ತು ಬೇಕಾಗಿತ್ತು. ಮುಂದಿನ ಬಸ್ಸು ಬಂದಾಗ ತಾನಾಗಿ ಎದ್ದ. ಹತ್ತುವ ಮೊದಲು ಕಂಡಕ್ಟರನನ್ನು ತಡೆದು ಕೇಳಿದ:

“ಸಂಜೆ ಸ್ಕೂಲ್ ಬಿಡೋ ಹೊತ್ಗೆ ಬಸ್ ಇರ್ತದಾ?”

“ಇರ್ತದೆ ಸಾರ್.”

“ಮುಂದಿನ ಸೀಟು ಲೇಡೀಸ್‌ಗೇ ತಾನೆ?”

“ಲೇಡೀಸ್‌ಗೇ ಸಾರ್.”

“ಹಂಗಾದ್ರೆ ಸರಿ,” ಎಂದು ಅಣ್ಣ ಹತ್ತಿ, ಹಿಂದಿನ ಸೀಟಿನಲ್ಲಿ ಆರಾಮಾಗಿ ಕೂತ.